ವೀನಸ್ ಮೈಬಣ್ಣ ಎದ್ದು ಬರುತ್ತಿದೆ ಅಂದವರಿಗೆ

ಮೇಡಂ, ಇಟಲಿಯ ಚಿತ್ರಕಾರ ಬೊಟಿಚೆಲ್ಲಿಯ 'ವೀನಸ್‌ನ ಜನನ' ನಕಲು ಮಾಡುವಾಗ ಎಗ್ ಟೆಂಪರಾ (ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ) ಕ್ಯಾನ್ವಾಸ್‌ನಿಂದ ಚಕ್ಕೆ ಏಳುತ್ತಿದೆ ಅಂದಿರಿ. ದಯವಿಟ್ಟು ಅದರ ಮೇಲೆ ಇನ್ನೊಂದು ಕೋಟ್ ಹಾಕಬೇಡಿ. ತಪ್ಪು ಬಣ್ಣದ್ದಲ್ಲ, ಕೆಳಗಿರುವ ಪ್ರೈಮರ್‌ದು, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳದ ಲೇಪದ್ದು. ರೆಡಿಮೇಡ್ ಕ್ಯಾನ್ವಾಸ್‌ಗೆ ಬಳಿದಿರುವುದು ಸಾಮಾನ್ಯವಾಗಿ ಅಕ್ರಿಲಿಕ್ ಜೆಸ್ಸೊ ಅನ್ನುವ ಪ್ಲಾಸ್ಟಿಕ್ ಅಂಟಿನ ಬಿಳಿ ಲೇಪ. ಡಬ್ಬಿ ಮೇಲೆ ಏನೇ ಬರೆದಿರಲಿ, ಟೆಂಪರಾಕ್ಕೆ ಬೇಕಾದಷ್ಟು ಅದು ಹೀರುವುದಿಲ್ಲ. ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಇದೇ ಆಗುತ್ತಿದೆ.

"ಬೊಟಿಚೆಲ್ಲಿಯೂ ಕ್ಯಾನ್ವಾಸ್ ಮೇಲೇ ಮಾಡಿದ್ದಲ್ವಾ" ಅಂತ ಒಬ್ಬರು ಕೇಳಿದ್ದಾರೆ. ಹೌದು, 1480ರ ದಶಕದಲ್ಲಿ. ಫ್ಲಾರೆನ್ಸಿನ ಉಫೀಜಿ ಮ್ಯೂಸಿಯಂನಲ್ಲಿರುವ ಆ ಚಿತ್ರ 278.5 ಸೆಂ.ಮೀ. ಅಗಲ ಇದೆ. ಆದರೆ ಆಗ ಅಕ್ರಿಲಿಕ್ ಎಲ್ಲಿತ್ತು? ನೀವು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ತಗೊಳ್ಳಿ, ಮೊಲದ ಚರ್ಮದ ಅಂಟಿಗೆ ಚಾಕ್ ಪುಡಿ ಸೇರಿಸಿ ತೆಳ್ಳಗೆ ಐದಾರು ಕೋಟ್ ಕೊಡಿ. ಅಂಟು ಕುದಿಸಬೇಡಿ, ಹಿಡಿತ ಹೋಗುತ್ತದೆ.

ಇನ್ನು ಮೊಟ್ಟೆ. ಬಿಳಿ ಪೂರ್ತಿ ಹೋಗಬೇಕು. ಹಳದಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಉರುಳಿಸುತ್ತಾ, ಖಾಲಿಯಾದ ಕೈಯನ್ನು ಪ್ರತಿಸಲ ಒರೆಸಿಕೊಳ್ಳಿ. ಮೇಲ್ಮೈ ಒಣಗಿದಂತಾದ ಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು, ಕೆಳಗಿನಿಂದ ಸೂಜಿ ಚುಚ್ಚಿ. ಒಳಗಿನದು ಬಟ್ಟಲಿಗೆ ಇಳಿಯುತ್ತದೆ, ಪೊರೆ ಬೆರಳಲ್ಲೇ ಉಳಿಯುತ್ತದೆ. ಅದನ್ನು ಎಸೆಯಿರಿ. ಬಟ್ಟಲಿನ ಹಳದಿಯಷ್ಟೇ ನೀರು ಸೇರಿಸಿ. ನಾಟಿ ಕೋಳಿ ಮೊಟ್ಟೆಯೇ ಬೇಕು ಅನ್ನುವ ಹಟ ಬೇಡ. ಇಟಲಿಯ ಹಳೆಯ ಕಸುಬಿನವರು ಎಳೆಯ ಮುಖಗಳಿಗೆ ಪಟ್ಟಣದ ಕೋಳಿಯ ಪೇಲವ ಹಳದಿಯನ್ನೇ ಹೇಳುತ್ತಿದ್ದರು.

ಪಿಗ್ಮೆಂಟ್ (ಬಣ್ಣದ ಪುಡಿ) ಇದಕ್ಕೆ ಕಲಸಿದ ಮೇಲೆ ಗಾಜಿನ ಮೇಲೆ ಒಂದು ಗೆರೆ ಎಳೆದು, ಒಣಗಿದ ಮೇಲೆ ಬ್ಲೇಡಿನಿಂದ ಕೆರೆಯಿರಿ. ಈರುಳ್ಳಿ ಸಿಪ್ಪೆ ಥರ ಸುರುಳಿ ಎದ್ದರೆ ಸರಿ. ಪುಡಿ ಉದುರಿದರೆ ಹಳದಿ ಸಾಲದು. ಇದೊಂದು ಪರೀಕ್ಷೆ ಬಿಡಲೇಬೇಡಿ.

ವೀನಸ್ ಕೆನ್ನೆಯನ್ನು ನೀವು ಆಯಿಲ್ ಥರ ಉಜ್ಜಿದ್ದೀರಿ. ಟೆಂಪರಾ ಕ್ಷಣದಲ್ಲಿ ಒಣಗುತ್ತದೆ, ಉಜ್ಜಿದರೆ ಕೆಳಗಿನ ಪದರ ಕಿತ್ತು ಬರುತ್ತದೆ. ಬ್ರಷ್ ಹಿಂಡಿ, ಕೂದಲೆಳೆಯಂಥ ಗೆರೆಗಳನ್ನು ಪಕ್ಕಪಕ್ಕ ಎಳೆಯಿರಿ. ಮೈಯ ಅಂಚಿನ ಗೆರೆ ಅಳಿಸಬೇಡಿ, ಬೊಟಿಚೆಲ್ಲಿಯ ಜೀವವೇ ಅದು. ಬ್ರಷ್‌ನಲ್ಲಿ ಮಾತ್ರ ಜಿಪುಣತನ ಬೇಡ. ವಿನ್ಸರ್ ಅಂಡ್ ನ್ಯೂಟನ್ ಸೀರೀಸ್ 7 ದುಬಾರಿ, ಆದರೆ ತುದಿ ನಿಲ್ಲುತ್ತದೆ. ಕೂದಲಿನ ಚಿನ್ನದ ಗೆರೆಗೆ ಅಂಗಡಿಯ ಗೋಲ್ಡ್ ಅಕ್ರಿಲಿಕ್ ಸುಮ್ನೆ ದಂಡ, ಶೆಲ್ ಗೋಲ್ಡ್ (ಅಂಟಿನಲ್ಲಿ ಕಲಸಿದ ನಿಜವಾದ ಚಿನ್ನದ ಪುಡಿ) ಚಿಟಿಕೆಯಷ್ಟು ಸಾಕು.

ಒಣ ಪಿಗ್ಮೆಂಟ್ ಕಲಸುವಾಗ ಮಾಸ್ಕ್ ಹಾಕಿ, ಫ್ಯಾನ್ ಆಫ್ ಮಾಡಿ. ಬ್ರಷ್ ತುದಿಯನ್ನು ಬಾಯಿಗೆ ಇಡಬೇಡಿ. ಮಳೆಗಾಲದಲ್ಲಿ ಹಸಿ ಚಿತ್ರವನ್ನು ಗೋಡೆಗೆ ಒರಗಿಸಿದರೆ ಬೂಸ್ಟು ಹಿಡಿಯುತ್ತದೆ, ಹಿಂದೆ ಗಾಳಿ ಆಡಲಿ.