ಕರ್ನಲ್‌ನಲ್ಲಿ ‘ಅನ್‌ಲೈಕ್ಲಿ’ ತಪ್ಪು ಅಂತ ಕಂಡರೆ ‘ಲೈಕ್ಲಿ’ ಮಾಡಿ ಪ್ಯಾಚ್ ಕಳಿಸಬಹುದಾ?

ಕಾಲೇಜು ಲ್ಯಾಬಿನ ಕಂಪ್ಯೂಟರಿನಲ್ಲಿ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬ್ರಾಂಚ್ ಪ್ರೊಫೈಲರ್ (ಕೋಡಿನ ಸೂಚನೆ ಎಷ್ಟು ಸಲ ಸರಿ, ಎಷ್ಟು ಸಲ ತಪ್ಪು ಅಂತ ಎಣಿಸುವ ಸಾಧನ) ಹಾಕಿ ನೋಡಿದಾಗ ಒಂದು ‘ಅನ್‌ಲೈಕ್ಲಿ’ (‘ಈ ಷರತ್ತು ನಿಜವಾಗುವುದು ಅಪರೂಪ’ ಅನ್ನುವ ಸೂಚನೆ, ‘ಲೈಕ್ಲಿ’ ಅದರ ಉಲ್ಟಾ) ನೂರಕ್ಕೆ ನೂರು ತಪ್ಪು ಅಂತ ಬಂತು, ‘ಲೈಕ್ಲಿ’ಗೆ ತಿರುಗಿಸಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಲಾ ಅಂತ ಕೇಳಿದ್ದೀರಿ. ಪೆರ್ಲದವರು ಅಂತಲೂ ಬರೆದಿದ್ದೀರಿ. ನಾನು ಪಕ್ಕದ ಬದಿಯಡ್ಕದವನು, ಹಾಗಾಗಿ ನೇರವಾಗಿಯೇ ಹೇಳ್ತೇನೆ. ಕಳಿಸಿ, ಆದರೆ ಇವತ್ತೇ ಬೇಡ ಮಾರಾಯ್ರೆ.

‘ಲೈಕ್ಲಿ’, ‘ಅನ್‌ಲೈಕ್ಲಿ’ ಅನ್ನುವ ಈ ಮ್ಯಾಕ್ರೊಗಳು ಮಾತಾಡುವುದು ಕಂಪೈಲರ್ ಹತ್ತಿರ, ಪ್ರೊಸೆಸರ್ ಹತ್ತಿರ ಅಲ್ಲ. ಅಪರೂಪ ಅಂದ ಕೋಡನ್ನು ಜಿಸಿಸಿ ಅನ್ನುವ ಕಂಪೈಲರ್ ದೂರ ಎತ್ತಿಡುತ್ತದೆ, ಮಾಮೂಲು ದಾರಿ ಜಿಗಿತವಿಲ್ಲದೆ ನೇರ ಹೋಗ್ತದೆ. ಸೂಚನೆ ತಪ್ಪಿದರೆ ದಿನಾ ಓಡುವ ಕೋಡೇ ದೂರ ಹೋಗಿ ಕೂತು ಇನ್‌ಸ್ಟ್ರಕ್ಷನ್ ಕ್ಯಾಶ್ (ಓಡಿಸುವ ಕೋಡನ್ನು ಪ್ರೊಸೆಸರ್ ಹತ್ತಿರ ಇಟ್ಟುಕೊಳ್ಳುವ ಸಣ್ಣ ಮೆಮೊರಿ) ಹಾಳು. ಫಲಿತಾಂಶ ಮಾತ್ರ ಬದಲಾಗುವುದಿಲ್ಲ. ಅದಕ್ಕೇ ಇಂಥ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಟ್ರೇಸ್‌ಸ್ಟ್ಯಾಟ್ ಫೋಲ್ಡರಿನ ‘ಬ್ರಾಂಚ್ ಆನೊಟೇಟೆಡ್’ ಫೈಲಿನಲ್ಲಿ ಸರಿ, ತಪ್ಪು, ಶೇಕಡಾ, ಫಂಕ್ಷನ್, ಫೈಲು, ಸಾಲು ಅಂತ ಕಾಲಮ್ ಉಂಟಲ್ಲ, ಅಲ್ಲಿ ಶೇಕಡಾ ನೋಡುವ ಮೊದಲು ತಪ್ಪಿನ ಎಣಿಕೆ ನೋಡಿ. ಮೂರು ಸಲ ಓಡಿ ಮೂರೂ ಸಲ ತಪ್ಪಿದರೂ ನೂರು ಶೇಕಡಾವೇ, ಲಕ್ಷ ಸಲ ತಪ್ಪಿದರೂ ನೂರೇ. ಹೆಡರ್ ಫೈಲಿನ ಇನ್‌ಲೈನ್ ಫಂಕ್ಷನ್ (ಬಳಸಿದ ಕಡೆಯಲ್ಲೆಲ್ಲ ನಕಲಾಗುವಂಥದ್ದು) ಆದರೆ ಅದೇ ಸಾಲು ಹತ್ತಾರು ಕಡೆ ಬೇರೆ ಬೇರೆಯಾಗಿ ಕಾಣ್ತದೆ. ಒಂದು ಕಡೆ ತಪ್ಪು, ಇನ್ನೊಂದು ಕಡೆ ಸರಿ. ಎಲ್ಲ ಕೂಡಿಸದೆ ತೀರ್ಮಾನ ಬೇಡ. ಮತ್ತೆ, ಈ ಎಣಿಕೆ ಮೆಮೊರಿಯಲ್ಲಷ್ಟೇ ಇರುವುದು, ರೀಬೂಟ್ ಆದರೆ ಸೊನ್ನೆ. ನಮ್ಮ ಕಡೆ ಮಳೆಗಾಲದ ಕರೆಂಟ್ ನಿಮಗೆ ಗೊತ್ತುಂಟಲ್ಲ, ಆಗಾಗ ಕಾಪಿ ತೆಗೆದಿಡಿ.

ನಿಜವಾದ ತಲೆನೋವು ಕೆಲಸದ ಸ್ವರೂಪದ್ದು. ಯಾವ ಟಾಸ್ಕ್ ಯಾವಾಗ ಓಡಬೇಕು ಅಂತ ನಿರ್ಧರಿಸುವ ಶೆಡ್ಯೂಲರಿನಲ್ಲಿ ‘ಓಡಲು ಕಾದಿರುವ ಟಾಸ್ಕ್ ಎಲ್ಲವೂ ಫೇರ್ (ಮಾಮೂಲು ಕೆಲಸಗಳ) ವರ್ಗದ್ದೇ’ ಅನ್ನುವುದಕ್ಕೆ ಲೈಕ್ಲಿ ಹಾಕಿದ್ದಾರೆ. ಬರೀ ಬ್ರೌಸರ್, ಕಂಪೈಲ್ ಇದ್ದರೆ ಬಹುತೇಕ ಸರಿ. ತಡವಿಲ್ಲದೆ ಓಡಲೇಬೇಕಾದ ರಿಯಲ್‌ಟೈಮ್ ಥ್ರೆಡ್‌ಗಳು ಎಡೆಬಿಡದೆ ಓಡುವ ಯಂತ್ರದಲ್ಲಿ ಅದೇ ಸಾಲು ತಪ್ಪುತ್ತಾ ಹೋಗ್ತದೆ. ಹಾಗಂತ ತಿರುಗಿಸಿದರೆ ಉಳಿದವರಿಗೆಲ್ಲ ನಷ್ಟ. ಇಂಥಲ್ಲಿ ಸುಮ್ಮನಿರಬೇಕು, ಅರ್ಧಕ್ಕರ್ಧ ತಪ್ಪುವಲ್ಲಿ ಸೂಚನೆಯನ್ನೇ ಕಿತ್ತುಹಾಕಬೇಕು. ತಿರುಗಿಸುವುದು, ಯಾವ ಕೆಲಸ ಕೊಟ್ಟರೂ ತಪ್ಪುತ್ತದೆ, ಯಾಕೆ ಅಂತಲೂ ಕೋಡ್ ಓದಿ ಗೊತ್ತಾಯಿತು ಅಂದರೆ ಮಾತ್ರ. ಬರೆದಾಗ ಸರಿಯಿದ್ದು, ಆಮೇಲೆ ಕರೆಯುವ ಕಡೆ ಬದಲಾಗಿ ತಪ್ಪಿದ್ದೇ ಹೆಚ್ಚು. ಯಾವ ಸಾಲು ಯಾರು, ಯಾವಾಗ ಬದಲಿಸಿದ್ದು ಅಂತ ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಸಿಗ್ತದೆ.

ಪ್ಯಾಚಿನ ವಿವರಣೆಯಲ್ಲಿ ಆ ಕಾರಣ, ಎಣಿಕೆ, ಯಂತ್ರದಲ್ಲಿ ಏನು ಓಡ್ತಿತ್ತು ಅನ್ನುವುದು ಮೂರೂ ಇರಲಿ. ಬೇಗ ಒಂದು ಸಣ್ಣ ಪ್ಯಾಚ್ ಬೇಕಿದ್ದರೆ ‘ಈಸ್ ಎರರ್’ (ಸಿಕ್ಕಿದ ಪಾಯಿಂಟರ್ ಎರರ್ ಸೂಚಿಸುವಂಥದ್ದಾ ಅಂತ ನೋಡುವ ಫಂಕ್ಷನ್) ಸುತ್ತ ಹಾಕಿದ ಅನ್‌ಲೈಕ್ಲಿ ಹುಡುಕಿ. ಅದರೊಳಗೇ ಒಂದು ಇರುವುದರಿಂದ ಹೊರಗಿನದು ದಂಡ, ಪ್ಯಾಚ್ ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಕೂಡ ಅದನ್ನೇ ಹೇಳ್ತದೆ.