ವಿಡಿಯೊ ಕಾಲ್‌ನಲ್ಲಿ ನನ್ನ ಮುಖ ಒಂದು ಮೂಲೆಗೆ ಬರುತ್ತದೆ, ನಡುವೆ ತರುವುದು ಹೇಗೆ? (ರಾಯಚೂರು, ವಿಂಡೋಸ್ 11, ಯುಎಸ್‌ಬಿ ವೆಬ್‌ಕ್ಯಾಮ್)

ಮೊದಲು ಕಾಲ್ ಬಿಟ್ಟು, ವಿಂಡೋಸ್‌ನ ಕ್ಯಾಮೆರಾ ಆ್ಯಪ್ ತೆರೆದು ನೋಡಿ. ಅಲ್ಲೂ ಮುಖ ಪಕ್ಕಕ್ಕಿದ್ದರೆ ತಪ್ಪು ಕ್ಯಾಮೆರಾದ್ದು ಇಲ್ಲವೇ ಕುರ್ಚಿಯದು. ಅಲ್ಲಿ ಸರಿಯಿದ್ದರೆ ಕಾಲ್ ಆ್ಯಪ್ ಚಿತ್ರ ಕತ್ತರಿಸುತ್ತಿದೆ.

ಹೆಚ್ಚಿನ ಸಲ ಕುರ್ಚಿಯದೇ. ಅಡ್ಡಕ್ಕೆ 70 ಡಿಗ್ರಿ ನೋಟವಿರುವ ಕ್ಯಾಮೆರಾ 60 ಸೆಂ.ಮೀ. ದೂರದಲ್ಲಿ ಹಿಡಿಯುವುದು ಸುಮಾರು 84 ಸೆಂ.ಮೀ. ಅಗಲವಷ್ಟೇ. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಗಾಳಿಗೆಂದು ಒಂದು ಗೇಣು ಸರಿದು ಕೂತರೂ ಮುಖ ಚೌಕಟ್ಟಿನ ಕಾಲುಭಾಗದಷ್ಟು ಪಕ್ಕಕ್ಕೆ ಹೋಗುತ್ತದೆ. ಕುರ್ಚಿ ಬಿಟ್ಟು ಕ್ಯಾಮೆರಾವನ್ನೇ ಸರಿಸಿ: ಕ್ಲಿಪ್ ಮೂಗಿನ ನೇರಕ್ಕೆ, ಲೆನ್ಸ್ ಕಣ್ಣಿನ ಎತ್ತರಕ್ಕೆ ಬರಲಿ. ನಿಮ್ಮ ಪರದೆಯಲ್ಲಿ ಕಾಣುವುದು ಸಾಮಾನ್ಯವಾಗಿ ಕನ್ನಡಿ ಬಿಂಬ. ಎದುರಿನವರು "ಬಲಕ್ಕೆ ಸರೀರಿ" ಅಂದರೆ ಯಾರ ಬಲ ಎಂದು ಕೇಳಿಕೊಳ್ಳಿ!

ಕ್ಯಾಮೆರಾ ನೇರ ಇದ್ದೂ ಓರೆ ಬಂದರೆ, ಅದರ ಕಂಪನಿಯ ಆ್ಯಪ್‌ನಲ್ಲಿ ಜೂಮ್ ನೋಡಿ. ಯಾವಾಗಲೋ ಜೂಮ್ ಮಾಡಿ ಪಕ್ಕಕ್ಕೆ ಎಳೆದದ್ದು ಹಾಗೇ ಉಳಿದಿರುತ್ತದೆ. ಜೂಮ್ ಪೂರ್ತಿ ಇಳಿಸಿದರೆ ಅಗಲದ ಚಿತ್ರ ವಾಪಸ್ ಬರುತ್ತದೆ.

ಮುಖ ತಾನಾಗಿ ಅತ್ತಿತ್ತ ಜಾರುತ್ತಿದ್ದರೆ ಅದು ಆಟೋ ಫ್ರೇಮಿಂಗ್ (ಮುಖ ಗುರುತಿಸಿ ಚೌಕಟ್ಟನ್ನು ತಾನೇ ಸರಿಸುವ ಸೌಲಭ್ಯ) ಕೆಲಸ, ಆಫ್ ಮಾಡಿ. ಅದನ್ನು ಆನ್ ಇಟ್ಟುಕೊಳ್ಳುವುದಾದರೆ, ಬೆನ್ನ ಹಿಂದೆ ಕಿಟಕಿಯಿದ್ದು ಬಿಸಿಲು ಹೊಡೆಯುತ್ತಿದ್ದರೆ ಮುಖ ಕಪ್ಪಾಗಿ ಅದಕ್ಕೆ ಗುರುತೇ ಸಿಗುವುದಿಲ್ಲ. ಕಿಟಕಿಯ ಪರದೆ ಎಳೆಯಿರಿ, ಇಲ್ಲವೇ ಕಿಟಕಿಗೆ ಮುಖ ಮಾಡಿ ಕೂರಿ.