ತೋಟ ಸುತ್ತುವ 12 ವರ್ಷದ ಬೆಕ್ಕಿಗೆ ಇನ್ನೂ ಲಸಿಕೆ ಬೇಕಾ? ಎಷ್ಟು ದಿನಕ್ಕೊಮ್ಮೆ?

ಬೇಕು, ವರ್ಷಕ್ಕೊಮ್ಮೆ. ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಓಡಾಡುವ ಬೆಕ್ಕಿಗೆ ರೇಬಿಸ್ ಲಸಿಕೆಯನ್ನಂತೂ ವಯಸ್ಸಾಯಿತು ಅಂತ ಬಿಡಲೇಬೇಡಿ. ನಾಯಿ ಕಚ್ಚಿ ರೋಗ ಬಂದರೆ ಔಷಧಿಯಿಲ್ಲ, ಮನೆಯವರಿಗೂ ಅಪಾಯ ಅಲ್ವಾ?

ಇನ್ನೊಂದು, ಮೂರು ರೋಗಗಳಿಗೆ ಸೇರಿಸಿ ಕೊಡುವ ಲಸಿಕೆ. ಇದರಲ್ಲಿ ವಾಂತಿ-ಭೇದಿ ತರುವ ಪ್ಯಾನ್‌ಲ್ಯೂಕೋಪೀನಿಯಾ ವಿರುದ್ಧದ ರಕ್ಷಣೆ ಸಾಮಾನ್ಯವಾಗಿ 3 ವರ್ಷಕ್ಕೂ ಜಾಸ್ತಿ ಉಳಿಯುತ್ತದೆ. ಆದರೆ ನೆಗಡಿ, ಬಾಯಿಹುಣ್ಣು ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳ ವಿರುದ್ಧ ಸಿಗುವ ರಕ್ಷಣೆ ಮೊದಲೇ ಅರೆಬರೆ, ಬೇಗ ಕುಗ್ಗುತ್ತದೆ ಬೇರೆ. ಅದಕ್ಕೇ ಒಂಟಿಯಾಗಿ ಮನೆಯೊಳಗೇ ಇರುವ ಬೆಕ್ಕಿಗೆ ಇದು 3 ವರ್ಷಕ್ಕೊಮ್ಮೆ ಸಾಕು. ಊರ ಬೆಕ್ಕುಗಳ ಜೊತೆ ಜಗಳಕ್ಕೆ ಹೋಗುವ ನಿಮ್ಮ ಮುದುಕನಿಗೆ ಸಾಲದು.

ತೂಕ ಇಳಿದಿದ್ದರೆ, ನೀರು ಜಾಸ್ತಿ ಕುಡಿಯುತ್ತಿದ್ದರೆ ಲಸಿಕೆಗೆ ಮುಂಚೆ ಡಾಕ್ಟರಿಗೆ ಹೇಳಿ. ಕಿಡ್ನಿ ನೋಡಬೇಕಾಗಬಹುದು.